ದೇಶಲಕ್ಷಣವೂ ಸ್ತ್ರೀದೇಹವೂ

ಲೋಕದಲ್ಲಿ ಕೆಲವು ಮಾತುಗಳಿಗೆ ಒಡೆಯರಿರುವುದಿಲ್ಲ. ‘ಇಂಥ ದೇಶದ ಹೆಂಗಸರು ತೆಳ್ಳಗಿರುತ್ತಾರೆ, ಇಂಥ ದೇಶದವರು ಸ್ಥೂಲಕಾಯರು, ಇಂಥ ನಾಡಿನವರು ಹರೆಯದಲ್ಲಿ ಬಳ್ಳಿ, ಮೂವತ್ತು ದಾಟಿದರೆ ಕಣಜ’ ಎಂಬಂಥ ಮಾತುಗಳನ್ನು ಮೊದಲು ಆಡಿದವರಾರೆಂದು ಯಾರಿಗೂ ತಿಳಿಯದು. ಆಡಿದವರು ಆ ದೇಶವನ್ನು ಕಂಡಿದ್ದರೆಂಬ ನಿಯಮವೂ ಇಲ್ಲ. ಬಸ್ಸಿನಲ್ಲಿ, ಮದುವೆಯ ಹಂದರದಲ್ಲಿ, ಈಚಿನ ದಿನಗಳಲ್ಲಿ ಅಂಗೈಯೊಳಗಿನ ಮೊಬೈಲಿನಲ್ಲಿ ಈ ಮಾತುಗಳು ತಾವಾಗಿಯೇ ಸಂಚರಿಸುತ್ತವೆ. ಕೇಳಿದವರು ನಗುತ್ತಾರೆ, ನಕ್ಕು ಮರೆಯುತ್ತಾರೆ. ಇಂಥ ಲಘುವಾದ ವಿಷಯವನ್ನೆತ್ತಿಕೊಂಡು ಧರ್ಮವಿಚಾರದ ಪತ್ರಿಕೆಯಲ್ಲಿ ಬರೆಯುವುದೇಕೆಂದು ವಾಚಕ ಮಹಾಶಯರು ಕೇಳಬಹುದು. ನಾನೂ ಕೆಲವು ವರ್ಷಗಳ ಹಿಂದೆ ಹಾಗೆಯೇ ಕೇಳುತ್ತಿದ್ದೆನು. ಈಗ ಕೇಳಲಾರೆನು. ಅದಕ್ಕೆ ಕಾರಣವಾದ ಪ್ರಸಂಗವನ್ನು ಮೊದಲು ನಿವೇದಿಸುತ್ತೇನೆ.

ಒಂಬತ್ತನೆಯ ತರಗತಿಯಲ್ಲಿ ಹಳಗನ್ನಡ ಕಾವ್ಯಭಾಗವೊಂದನ್ನು ಪಾಠ ಹೇಳುತ್ತಿದ್ದೆನು. ನಾಯಿಕೆಯ ವರ್ಣನೆ ಬಂದಿತು. ಸಣ್ಣ ನಡು, ಬಳುಕುವ ಮೈ ಇತ್ಯಾದಿ ಕವಿಸಮಯಗಳು ಬಂದವು. ಮಧ್ಯಾಹ್ನದ ಹೊತ್ತು, ಮಕ್ಕಳು ತೂಕಡಿಸುತ್ತಿದ್ದರು. ಅವರನ್ನು ಎಚ್ಚರಿಸುವ ಹುಮ್ಮಸ್ಸಿನಲ್ಲಿ, ‘ನಮ್ಮ ನಾಡಿನ ಹೆಣ್ಣು ಬಳ್ಳಿಯಂತೆ’ ಎಂದು ಹೇಳಿ, ಒಂದು ಪರದೇಶದ ಹೆಸರನ್ನೆತ್ತಿ, ‘ಅಲ್ಲಿಯವರಾದರೆ ಈ ಬಾಗಿಲಿನಲ್ಲಿ ಹಿಡಿಸಲಾರರು’ ಎಂದುಬಿಟ್ಟೆನು. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಪಾಠವು ಚೆನ್ನಾಗಿ ಆಯಿತೆಂದು ಸಮಾಧಾನಪಟ್ಟುಕೊಂಡು ಮನೆಗೆ ಹೋದೆನು.

ಹಿಂದಿನ ಸಾಲಿನಲ್ಲಿ ಮೈತುಂಬಿಕೊಂಡ ಹುಡುಗಿಯೊಬ್ಬಳಿದ್ದಳು. ಅಂದಿನಿಂದ ಅವಳ ಸಹಪಾಠಿಗಳು ಅವಳನ್ನು ಅವಳ ಹೆಸರಿನಿಂದ ಕರೆಯಲಿಲ್ಲ. ಆ ದೇಶದ ಹೆಸರಿನಿಂದ ಕರೆದರು. ಅವಳು ಪ್ರಸಾದ ನಿಲಯದಲ್ಲಿದ್ದು ಓದುತ್ತಿದ್ದವಳು. ತಟ್ಟೆಯಲ್ಲಿ ಪ್ರಸಾದವನ್ನು ಉಳಿಸಬಾರದೆಂಬ ನಿಯಮ ನಮ್ಮಲ್ಲಿರುವುದಷ್ಟೆ. ಅವಳು ಉಳಿಸಲಿಲ್ಲ, ರೊಟ್ಟಿಯನ್ನು ಪಕ್ಕದವಳ ತಟ್ಟೆಗೆ ಸರಿಸುತ್ತ ಬಂದಳು. ಒಂದು ದಿನ ಬೆಳಗಿನ ಪ್ರಾರ್ಥನೆಯಲ್ಲಿ ನಿಂತಲ್ಲಿಯೇ ಕುಸಿದಳು. ಆ ಸಂಜೆ ಅಡುಗೆಯ ತಾಯಿಯು ನನ್ನನ್ನು ತಡೆದು ನಿಲ್ಲಿಸಿ, ‘ಮಾಸ್ತರ್ರ, ಆ ಹುಡುಗಿ ಹದಿನೈದು ದಿನದಿಂದ ಒಂದ್ ರೊಟ್ಟಿನೂ ಪೂರಾ ತಿಂದಿಲ್ರಿ. ತರಗತಿಯಾಗ ನೀವೇನರೆ ಅಂದೀರೇನು?’ ಎಂದು ಕೇಳಿದಳು. ನಾನು ಅವಳಿಗೆ ಏನನ್ನೂ ಅಂದಿರಲಿಲ್ಲ. ಒಂದು ದೇಶಕ್ಕೆ ಅಂದಿದ್ದೆನು. ಈ ಉತ್ತರವು ನನ್ನ ಬಾಯಿಯವರೆಗೆ ಬಂದು ಅಲ್ಲಿಯೇ ನಿಂತಿತು.

ದೇಶಕ್ಕೆ ಅಂದ ಮಾತು ಒಬ್ಬಳ ತಟ್ಟೆಯೊಳಗೆ ಹೇಗೆ ಬಂದಿತೆಂಬುದೇ ಅಂದಿನಿಂದ ನನ್ನ ಚಿಂತೆಯಾಯಿತು.

ದೇಶದಿಂದ ಸ್ತ್ರೀಯರನ್ನು ವಿಂಗಡಿಸುವ ಚಾಳಿಯು ಪಾಶ್ಚಾತ್ಯರಿಂದ ಬಂದುದೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಶಾಸ್ತ್ರಕಾರರಿಗೂ ಅದರಲ್ಲಿ ಆಸಕ್ತಿಯಿದ್ದಿತು. ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಒಂದೊಂದು ದೇಶದ ಸ್ತ್ರೀಯರ ವೇಷಭೂಷಣಗಳನ್ನು ಬೇರೆಬೇರೆಯಾಗಿ ವರ್ಣಿಸಿ ರಸಿಕರನ್ನು ಸಂತೋಷಪಡಿಸಿದ್ದಾನೆ. ವಾತ್ಸ್ಯಾಯನನ ಗ್ರಂಥವನ್ನು ಮಠದ ಪತ್ರಿಕೆಯಲ್ಲಿ ಹೆಸರಿಸಲು ಸಂಕೋಚವೇ ಆಗುತ್ತದೆ. ಆದರೂ ವಿಷಯಕ್ಕೆ ಬೇಕಾಗಿದೆ. ಅವಂತಿ, ಮಾಳವ, ಆಂಧ್ರ, ಮಹಾರಾಷ್ಟ್ರ, ದ್ರವಿಡ, ಗೌಡ ಎಂದು ದೇಶಗಳನ್ನು ಎಣಿಸಿ ಅಲ್ಲಲ್ಲಿಯ ಸ್ತ್ರೀಯರ ಸ್ವಭಾವ ಇಂಥದು ಎಂದು ಅವನು ಸೂತ್ರ ಹಾಕುತ್ತಾನೆ. ಆ ಪಟ್ಟಿಯಲ್ಲಿ ನಮ್ಮ ಬನವಾಸಿಯೂ ಇದೆ. ಬನವಾಸಿಯ ಸ್ತ್ರೀಯರು ತಮ್ಮ ಮೈಯನ್ನು ಮುಚ್ಚಿಕೊಳ್ಳುವರು, ಇತರರ ಮೈಯನ್ನು ಕಂಡು ನಗುವರು ಎಂಬುದು ಅವನ ನಿರ್ಣಯ. ಅವನು ಎಷ್ಟು ಮಂದಿ ಬನವಾಸಿಯ ಗೃಹಿಣಿಯರನ್ನು ಕೇಳಿ ಇದನ್ನು ನಿರ್ಣಯಿಸಿದನೋ ಅವನೇ ಬಲ್ಲ. ಆದರೆ ಇಷ್ಟೆಲ್ಲವನ್ನೂ ಹೇಳಿ ಮುಗಿಸಿದ ಮೇಲೆ ಅವನು ಸುವರ್ಣನಾಭನೆಂಬ ಪೂರ್ವಾಚಾರ್ಯನ ಮತವೊಂದನ್ನು ಉದಾಹರಿಸುತ್ತಾನೆ: ದೇಶದ ರೂಢಿಗಿಂತ ವ್ಯಕ್ತಿಯ ಪ್ರಕೃತಿಯೇ ಬಲವತ್ತರವೆಂದು. ಹದಿನಾರು ದೇಶಗಳ ಲಕ್ಷಣವನ್ನು ಕಟ್ಟಿದವನೇ ಆ ಕಟ್ಟಡದ ಅಡಿಗಲ್ಲನ್ನು ತೆಗೆಯುವ ಮಾತನ್ನೂ ಅದೇ ಅಧ್ಯಾಯದಲ್ಲಿ ಇಟ್ಟಿದ್ದಾನೆ. ಪಟ್ಟಿಯನ್ನು ಬಾಯಿಪಾಠ ಮಾಡಿದವರು ಬಹಳ. ಸುವರ್ಣನಾಭನನ್ನು ನೆನೆದವರು ವಿರಳ.

ತರ್ಕಶಾಸ್ತ್ರದ ಬಾಲಪಾಠದಲ್ಲಿಯೇ ಇದರ ದೋಷವನ್ನು ಹೇಳಿದ್ದಾರೆ. ಕಪಿಲವರ್ಣವುಳ್ಳದ್ದು ಗೋವು ಎಂದು ಲಕ್ಷಣ ಹೇಳಿದರೆ ಬಿಳಿಯ ಹಸು ಲಕ್ಷಣದ ಹೊರಗುಳಿಯುತ್ತದೆ, ಅದು ಅವ್ಯಾಪ್ತಿದೋಷ. ಹಸುವಿನ ವಿಷಯದಲ್ಲಾದರೆ ಲಕ್ಷಣವನ್ನೇ ತಿದ್ದುತ್ತೇವೆ. ಸ್ತ್ರೀಯ ವಿಷಯದಲ್ಲಿ ಮಾತ್ರ ಲಕ್ಷಣವನ್ನು ಹಾಗೆಯೇ ಇಟ್ಟುಕೊಂಡು, ಹೊರಗುಳಿದವಳನ್ನು ತಿದ್ದಲು ಹೊರಡುತ್ತೇವೆ. ಭಾರತೀಯ ಸ್ತ್ರೀಯ ಮೈಕಟ್ಟು ಇಂಥದೆಂದು ಹೇಳುವವರು, 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಬೇಕು. ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 19 ಮಂದಿ ಇರಬೇಕಾದುದಕ್ಕಿಂತ ಕೃಶರು. ಸುಮಾರು 24 ಮಂದಿ ತೂಕ ಮೀರಿದವರು. ನೂರಕ್ಕೆ 57 ಮಂದಿಗೆ ರಕ್ತಹೀನತೆ. ಒಂದೇ ದೇಶ, ಒಂದೇ ಊರು, ಎಷ್ಟೋ ಸಲ ಒಂದೇ ಮನೆ. ಅತ್ತೆಯನ್ನು ಲಕ್ಷಣಕ್ಕೆ ಸೇರಿಸಿದರೆ ಸೊಸೆ ಹೊರಗೆ ಉಳಿಯುತ್ತಾಳೆ.

ಮಾತು ತಪ್ಪಾಗಿದ್ದರೆ ತಿದ್ದಬಹುದು. ಆದರೆ ಈ ಜಾತಿಯ ಮಾತು ತಪ್ಪಾಗಿರುವುದಷ್ಟೇ ಅಲ್ಲ, ಕ್ರೂರವೂ ಆಗಬಲ್ಲದು. ಅದು ಎಲ್ಲಿಯವರೆಗೆ ಹೋಗಬಲ್ಲದೆಂಬುದಕ್ಕೆ ದಕ್ಷಿಣ ಆಫ್ರಿಕೆಯ ಸಾರಾ ಬಾರ್ಟ್‌ಮನ್ ಎಂಬ ಹೆಣ್ಣುಮಗಳ ವೃತ್ತಾಂತವನ್ನು ತಿಳಿಯಬೇಕು. ಆಕೆ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಖೊಯ್‌ಖೊಯ್ ಜನಾಂಗದಲ್ಲಿ ಹುಟ್ಟಿ, ಕೇಪ್‌ಟೌನಿನಲ್ಲಿ ಪರರ ಮನೆಯ ಚಾಕರಿಯಲ್ಲಿದ್ದವಳು. 1810ರಲ್ಲಿ ಆಕೆಯನ್ನು ಹಡಗಿನಲ್ಲಿ ಲಂಡನ್ನಿಗೆ ಕೊಂಡೊಯ್ದರು. ಕಾರಣವಿಷ್ಟೆ: ಆಕೆಯ ನಿತಂಬಭಾಗವು ಸ್ಥೂಲವಾಗಿದ್ದಿತು. ಪಿಕಡಿಲಿ ಎಂಬ ಬೀದಿಯಲ್ಲಿ ಕಾಸು ಪಡೆದು ಆಕೆಯನ್ನು ಜನರಿಗೆ ತೋರಿಸಿದರು. ಆಕೆಯ ಹೆಸರಿನಿಂದ ತೋರಿಸಲಿಲ್ಲ. ಆ ಜನಾಂಗಕ್ಕೆ ಯೂರೋಪಿನವರು ಇಟ್ಟಿದ್ದ ಹೀನವಾದ ಹೆಸರಿಗೆ ರೋಮನರ ಸೌಂದರ್ಯದೇವತೆಯ ಹೆಸರನ್ನು ವ್ಯಂಗ್ಯವಾಗಿ ಜೋಡಿಸಿ ಕರೆದರು. ಗುಲಾಮಗಿರಿಯನ್ನು ವಿರೋಧಿಸುತ್ತಿದ್ದ ಕೆಲವರು ಅದೇ ವರ್ಷ ನ್ಯಾಯಾಲಯದ ಮೊರೆಹೊಕ್ಕರು. ಆಕೆ ತನ್ನ ಇಚ್ಛೆಯಿಂದಲೇ ಇದ್ದಾಳೆಂದು ತೀರ್ಮಾನವಾಗಿ ಮೊಕದ್ದಮೆ ನಿಲ್ಲಲಿಲ್ಲ. ಬಡವಳೂ ಪರದೇಶಿಯೂ ಆದ ಹೆಣ್ಣಿನ ಇಚ್ಛೆ ಎಂಬುದು ಎಂಥದೆಂದು ಗೃಹಸ್ಥರಾದವರು ಊಹಿಸಬಲ್ಲರು.

1814ರಲ್ಲಿ ಆಕೆ ಪ್ಯಾರಿಸಿಗೆ ಹೋಗಿ ಬಿದ್ದಳು. ಅಲ್ಲಿ ಆಕೆಯ ಪ್ರದರ್ಶನವನ್ನು ನಡೆಸಿದವನು ಪ್ರಾಣಿಗಳನ್ನು ಆಡಿಸಿ ತೋರಿಸುವವನು. 1815ರಲ್ಲಿ ರಾಜೋದ್ಯಾನದ ಪಂಡಿತರು ಆಕೆಯನ್ನು ನಿಲ್ಲಿಸಿ ಪರೀಕ್ಷಿಸಿದರು, ಚಿತ್ರಗಾರರು ಬರೆದುಕೊಂಡರು. ಆ ವರ್ಷದ ಕೊನೆಯಲ್ಲಿಯೇ ಆಕೆ ತೀರಿಕೊಂಡಳು. ಆಗ ಜ್ಯಾರ್ಜ್ ಕುವಿಯೇ ಎಂಬ ಜಗದ್ವಿಖ್ಯಾತ ಪ್ರಾಣಿಶಾಸ್ತ್ರಜ್ಞನು ಆಕೆಯ ಶವದ ಅಚ್ಚು ತೆಗೆದು, ಶವವನ್ನು ಛೇದಿಸಿ, ಮೆದುಳನ್ನೂ ಗುಹ್ಯಾಂಗಗಳನ್ನೂ ಗಾಜಿನ ಪಾತ್ರೆಗಳಲ್ಲಿಟ್ಟು, ಎಲುಬುಗೂಡನ್ನು ಕಾದಿರಿಸಿದನು. ಅವನು ಬರೆದ ವರದಿಯಲ್ಲಿ ನನ್ನ ಮನಸ್ಸನ್ನು ಕಲಕಿದ ಸಂಗತಿ ಬೇರೊಂದಿದೆ. ಆಕೆಯ ಜ್ಞಾಪಕಶಕ್ತಿ ಚೆನ್ನಾಗಿದ್ದಿತೆಂದೂ, ಡಚ್ ಭಾಷೆಯನ್ನು ತಕ್ಕಮಟ್ಟಿಗೆ ಆಡುತ್ತಿದ್ದಳೆಂದೂ, ಸ್ವಲ್ಪ ಇಂಗ್ಲಿಷ್ ಬಲ್ಲಳೆಂದೂ, ಫ್ರೆಂಚ್ ಕಲಿಯಲಾರಂಭಿಸಿದ್ದಳೆಂದೂ ಅವನೇ ಬರೆದಿದ್ದಾನೆ. ಸುವರ್ಣನಾಭನು ಹೇಳಿದ ವ್ಯಕ್ತಿಪ್ರಕೃತಿಯು ಅವನ ಕಣ್ಣೆದುರಿಗೇ ನಿಂತು ನಾಲ್ಕನೆಯ ಭಾಷೆಯನ್ನು ಕಲಿಯುತ್ತಿದ್ದಿತು. ಅವನು ಅದನ್ನು ಕಂಡನು, ಬರೆದುಕೊಂಡನು, ಅನಂತರ ಆಕೆಯನ್ನು ಒಂದು ಜನಾಂಗದ ಮಾದರಿಯೆಂದು ಕಪಾಟಿನಲ್ಲಿಟ್ಟನು. ಕಾಣದೆ ತಪ್ಪಿದವನಿಗೆ ಕ್ಷಮೆಯುಂಟು. ಕಂಡೂ ಎಣಿಸದವನಿಗೆ ಏನು ಹೇಳೋಣ!

ಆ ಅವಶೇಷಗಳು ಪ್ಯಾರಿಸಿನ ವಸ್ತುಸಂಗ್ರಹಾಲಯದಲ್ಲಿ 1970ರ ದಶಕದವರೆಗೂ ಜನರ ನೋಟಕ್ಕೆ ತೆರೆದಿದ್ದವು. ನೆಲ್ಸನ್ ಮಂಡೇಲಾ ಅವರು 1994ರಲ್ಲಿ ರಾಷ್ಟ್ರಾಧ್ಯಕ್ಷರಾದ ಮೇಲೆ ಅವನ್ನು ಹಿಂದಕ್ಕೆ ಕೇಳಿದರು. ಕೊಡುವುದಕ್ಕೆ ಫ್ರಾನ್ಸು ಒಂದು ಶಾಸನವನ್ನೇ ಮಾಡಬೇಕಾಯಿತು. 2002ರ ಆಗಸ್ಟ್ 9ರಂದು, ಆ ದೇಶದ ಮಹಿಳಾ ದಿನದಂದು, ಹ್ಯಾಂಕಿ ಎಂಬ ಊರಿನಲ್ಲಿ ಆಕೆ ಮಣ್ಣು ಸೇರಿದಳು. ಸತ್ತ 186 ವರ್ಷಗಳ ಮೇಲೆ.

‘ಅದು ಹಳೆಯ ಕಾಲದ ಅಜ್ಞಾನ, ನಾವು ಯಾರನ್ನೂ ಕಪಾಟಿನಲ್ಲಿಡುವುದಿಲ್ಲ’ ಎನ್ನುವವರಿದ್ದಾರೆ. ಸತ್ಯವೇ. ಆದರೆ ನನ್ನ ತರಗತಿಯ ಮಾತು ಯಾರನ್ನೂ ಕಪಾಟಿನಲ್ಲಿಡದೆಯೂ ಒಬ್ಬಳನ್ನು ನೆಲಕ್ಕೆ ಬೀಳಿಸಿತಲ್ಲ? ಇದಕ್ಕೆ ಉತ್ತರವು ನನಗೆ ಮೀಮಾಂಸಕರಲ್ಲಿ ದೊರೆಯಿತು. ವೇದದಲ್ಲಿ ವಿಧಿವಾಕ್ಯವೆಂದೂ ಅರ್ಥವಾದವೆಂದೂ ಭೇದ ಮಾಡುತ್ತಾರೆ. ಮಾಡು, ಮಾಡಬೇಡ ಎಂಬುದು ವಿಧಿ, ನಿಷೇಧ. ಅರ್ಥವಾದವು ಹಾಗೆ ಆಜ್ಞಾಪಿಸುವುದಿಲ್ಲ; ಬರಿದೆ ಹೊಗಳುತ್ತದೆ, ತೆಗಳುತ್ತದೆ, ಇದು ಹೀಗಿದೆ ಎನ್ನುತ್ತದೆ. ಆದರೆ ಅದಕ್ಕೆ ಸ್ವತಂತ್ರವಾದ ತಾತ್ಪರ್ಯವಿಲ್ಲ. ವಿಧಿಯೊಡನೆ ಕೂಡಿಯೇ ಅದು ಸಾರ್ಥಕ. ಹೊಗಳಿಕೆಯು ಮಾಡಲು ಪ್ರೇರಿಸುತ್ತದೆ, ತೆಗಳಿಕೆಯು ತಡೆಯುತ್ತದೆ. ‘ನಮ್ಮ ನಾಡಿನ ಹೆಣ್ಣು ಬಳ್ಳಿಯಂತೆ’ ಎಂದು ನಾನು ಆಡಿದ್ದು ನೋಡುವುದಕ್ಕೆ ವರ್ಣನೆ. ಅದು ಅರ್ಥವಾದ. ಅದರ ಬೆನ್ನಿಗಿದ್ದ ವಿಧಿಯನ್ನು ನಾನು ಉಚ್ಚರಿಸಲಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತಿದ್ದವಳು ಕೇಳಿಸಿಕೊಂಡಳು. ನೀನು ಬಳ್ಳಿಯಾಗತಕ್ಕದ್ದು, ಆಗದಿದ್ದರೆ ನೀನು ಈ ನಾಡಿನವಳಲ್ಲ, ಆ ದೇಶದವಳು.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಎರಡು ದೂರದೇಶಗಳನ್ನು ನೋಡಿದರೆ ವಿಷಯವು ಇನ್ನೂ ಸ್ಪಷ್ಟವಾಗುತ್ತದೆ. ಆಫ್ರಿಕೆಯ ಪಶ್ಚಿಮಕ್ಕೆ ಸಹಾರಾ ಮರಳುಗಾಡಿನ ಅಂಚಿನಲ್ಲಿ ಮಾರಿಟೇನಿಯಾ ಎಂಬ ದೇಶವಿದೆ. ಅಲ್ಲಿಯ ಮೂರ್ ಜನರಲ್ಲಿ ಹೆಣ್ಣಿನ ಸ್ಥೂಲತೆಯೇ ಸೌಂದರ್ಯ, ಅದೇ ಮನೆತನದ ಸಿರಿಯ ಗುರುತು ಎಂಬ ಭಾವನೆ ಬಹುಕಾಲದಿಂದ ಬಂದುದು. ಆ ಅರ್ಥವಾದದ ವಿಧಿಗೆ ಅಲ್ಲಿ ಲೆಬ್ಲೂಹ್ ಎಂದು ಹೆಸರು. ಚಿಕ್ಕ ಹುಡುಗಿಯರನ್ನು ಕೂರಿಸಿ ಒಂಟೆಯ ಹಾಲನ್ನೂ ಧಾನ್ಯದ ಮುದ್ದೆಯನ್ನೂ ಹೊಟ್ಟೆ ಬಿರಿಯುವಷ್ಟು ತುಂಬುವುದು. ಒಲ್ಲೆನೆಂದವಳ ಕಾಲ್ಬೆರಳನ್ನು ಎರಡು ಕಡ್ಡಿಗಳ ನಡುವೆ ಹಿಡಿದು ಅದುಮುವುದು. ಈಗ ಈ ಪದ್ಧತಿಯು ಬಹಳ ಕಡಮೆಯಾಗಿದ್ದರೂ ನಿಶ್ಶೇಷವಾಗಿಲ್ಲ. ಇದನ್ನು ನಡೆಸುತ್ತಿದ್ದವರು ಶತ್ರುಗಳಲ್ಲ. ತಾಯಿ, ಅಜ್ಜಿ, ಸೋದರತ್ತೆ. ಮಗುವಿಗೆ ಒಳ್ಳೆಯ ಗಂಡ ಸಿಗಲೆಂಬ ಹಿತಚಿಂತನೆಯಿಂದಲೇ ನಡೆಸುತ್ತಿದ್ದರು.

ಇನ್ನೊಂದು, ಪೆಸಿಫಿಕ್ ಸಾಗರದ ಫಿಜಿ ದ್ವೀಪಗಳು. ಅಲ್ಲಿಯ ಮೂಲನಿವಾಸಿಗಳಲ್ಲಿಯೂ ತುಂಬಿದ ಮೈಗೆ ಮನ್ನಣೆಯಿದ್ದಿತು. ಮೈ ಇಳಿದರೆ, ಈಕೆಯನ್ನು ನೋಡಿಕೊಳ್ಳುವವರಿಲ್ಲವೆ ಎಂದು ನೆರೆಯವರು ಮರುಗುತ್ತಿದ್ದರು. ಚೆನ್ನಾಗಿ ಉಣ್ಣಿಸುವುದೇ ಪ್ರೀತಿ. 1995ರಲ್ಲಿ ನಾಡ್ರೋಗಾ ಪ್ರಾಂತಕ್ಕೆ ದೂರದರ್ಶನವು ಬಂದಿತು. ಪರದೇಶದ ಧಾರಾವಾಹಿಗಳು, ಜಾಹೀರಾತುಗಳು ಬಂದವು. ಆನ್ ಬೆಕರ್ ಎಂಬ ಅಮೆರಿಕದ ವಿದ್ವಾಂಸೆಯು ಆಗಲೂ, ಮೂರು ವರ್ಷಗಳ ಮೇಲೆ 1998ರಲ್ಲಿಯೂ ಅಲ್ಲಿಯ ಶಾಲಾಬಾಲಿಕೆಯರನ್ನು ವಿಚಾರಿಸಿದಳು. ಮೈ ಕರಗಿಸಲು ಉಂಡದ್ದನ್ನು ಬೇಕೆಂದೇ ವಾಂತಿ ಮಾಡಿಕೊಳ್ಳುವವಳು ಮೊದಲ ಸಲ ಒಬ್ಬಳೂ ಇರಲಿಲ್ಲ. ಎರಡನೆಯ ಸಲ ನೂರಕ್ಕೆ 11 ಮಂದಿಗೂ ಮಿಕ್ಕಿ ಇದ್ದರು. ತಾವು ತೀರ ದಪ್ಪವೆಂದು ಆಗಾಗಲಾದರೂ ಅನಿಸುತ್ತದೆ ಎಂದವರು ನೂರಕ್ಕೆ 74. ಪ್ರತಿಸಲ ವಿಚಾರಿಸಿದ್ದು ಅರುವತ್ತೈದರೊಳಗಿನ ಬಾಲಿಕೆಯರನ್ನು ಮಾತ್ರ. ಆದುದರಿಂದ ಲೆಕ್ಕವನ್ನು ಮಿತಿಮೀರಿ ಎಳೆಯಬಾರದು. ಆದರೂ ಮೂರೇ ವರ್ಷಗಳಲ್ಲಿ ಒಂದು ಅರ್ಥವಾದವು ಹೋಗಿ ಇನ್ನೊಂದು ಬಂದಿತು. ಅಲ್ಲಿ ತುರುಕಿದರು, ಇಲ್ಲಿ ಕಕ್ಕಿಸಿತು. ಆಜ್ಞೆಗಳು ಪರಸ್ಪರ ವಿರುದ್ಧ. ಆಜ್ಞೆಗೆ ಒಳಗಾದ ಗಂಟಲು ಎರಡೂ ಕಡೆಯಲ್ಲಿ ಒಂದೇ.

ತೆಳ್ಳಗಿರುವುದಕ್ಕೆ ಹೆಸರಾದ ದೇಶವೂ ಇದರಿಂದ ಸುಖಪಟ್ಟಿಲ್ಲ. ಫ್ರಾನ್ಸಿನ ಸ್ತ್ರೀಯರು ದಪ್ಪಗಾಗುವುದೇ ಇಲ್ಲ ಎಂಬ ಅರ್ಥದ ಹೆಸರನ್ನು ಹೊತ್ತ ಇಂಗ್ಲಿಷ್ ಪುಸ್ತಕವೊಂದು 2004ರಲ್ಲಿ ಪ್ರಕಟವಾಗಿ ಲೋಕವೆಲ್ಲ ಕೊಂಡು ಓದಿತು. ಅದೇ ಫ್ರಾನ್ಸಿನಲ್ಲಿ 2017ರಿಂದ, ಉಡುಪುಗಳನ್ನು ಧರಿಸಿ ಪ್ರದರ್ಶಿಸುವ ಉದ್ಯೋಗದ ಹೆಣ್ಣುಮಕ್ಕಳು ತಮ್ಮ ಆರೋಗ್ಯವು ಆ ಕೆಲಸಕ್ಕೆ ತಕ್ಕುದಾಗಿದೆಯೆಂದು ವೈದ್ಯರ ಪ್ರಮಾಣಪತ್ರ ತರಬೇಕು. ಚಿತ್ರದಲ್ಲಿ ಅವರ ಮೈಯನ್ನು ತಿದ್ದಿ ತೆಳ್ಳಗೆ ಮಾಡಿದ್ದರೆ ಜಾಹೀರಾತಿನ ಮೇಲೆ ಹಾಗೆಂದು ಅಚ್ಚುಮಾಡಬೇಕು. ಕೀರ್ತಿಯೇ ಸತ್ಯವಾಗಿದ್ದರೆ ಶಾಸನವೇಕೆ?

ಇಲ್ಲಿ ಒಂದು ಆಕ್ಷೇಪಕ್ಕೆ ಸಮಾಧಾನ ಹೇಳಬೇಕು. ವೈದ್ಯರೂ ದೇಶವನ್ನು ನೋಡಿ ಮಾತನಾಡುತ್ತಾರಲ್ಲ? ಎತ್ತರಕ್ಕೆ ತೂಕವನ್ನು ಹೋಲಿಸುವ ಸೂಚ್ಯಂಕವು ಯೂರೋಪಿನವರಿಗೆ 25 ಆಗುವವರೆಗೆ ಚಿಂತೆಯಿಲ್ಲ, ಭಾರತೀಯರು 23ಕ್ಕೇ ಎಚ್ಚರಗೊಳ್ಳಬೇಕು ಎನ್ನುತ್ತಾರಲ್ಲ? ಹೌದು, ಅದನ್ನು ಅಲಕ್ಷಿಸಬಾರದು. ಸಿಹಿಮೂತ್ರರೋಗವು ನಮ್ಮವರನ್ನು ಸಣ್ಣ ವಯಸ್ಸಿನಲ್ಲಿಯೇ ಹಿಡಿಯುತ್ತಿದೆ. ಆದರೆ ಆ ಸೂಚ್ಯಂಕದ ಮೂಲವನ್ನು ನೋಡಿರಿ. ಅದನ್ನು 1830ರ ದಶಕದಲ್ಲಿ ಕಂಡುಹಿಡಿದ ಬೆಲ್ಜಿಯಮ್ಮಿನ ಕೆಟ್ಲೆ ಎಂಬವನು ವೈದ್ಯನಲ್ಲ, ಖಗೋಳಜ್ಞ, ಗಣಿತಜ್ಞ. ಜನಸಮೂಹದ ಸರಾಸರಿಯನ್ನು ತಿಳಿಯುವುದಷ್ಟೇ ಅವನ ಉದ್ದೇಶ. ಸಮೂಹದ ಅಳತೆಯಿಂದ ವ್ಯಕ್ತಿಯನ್ನು ನಿರ್ಣಯಿಸಲಾಗದೆಂಬುದನ್ನು ನಮ್ಮ ಪುಣೆಯ ಡಾಕ್ಟರ್ ಯಾಜ್ಞಿಕರು 2004ರಲ್ಲಿ ತಮ್ಮ ಮೈಯನ್ನೇ ಒಡ್ಡಿ ತೋರಿಸಿದರು. ಅವರ ಮತ್ತು ಇಂಗ್ಲೆಂಡಿನ ಅವರ ಮಿತ್ರ ಯುಡ್ಕಿನ್ನರ ಸೂಚ್ಯಂಕ ಒಂದೇ, 22.3, ಒಬ್ಬರ ಮೈಯಲ್ಲಿ ಕೊಬ್ಬು ನೂರಕ್ಕೆ 9, ಇನ್ನೊಬ್ಬರಲ್ಲಿ 21. ವಿವೇಕಿಯಾದ ವೈದ್ಯನು ದೇಶದ ಅಂಕವನ್ನು ಪ್ರಶ್ನೆಯಾಗಿ ಇಟ್ಟುಕೊಂಡು, ಎದುರಿಗೆ ಕುಳಿತವಳ ರಕ್ತವನ್ನು ಪರೀಕ್ಷಿಸಿ, ಬಾಗಿಲು ಮುಚ್ಚಿ ಆಕೆಗೆ ಮಾತ್ರ ಉತ್ತರವನ್ನು ಹೇಳುತ್ತಾನೆ. ನಾವಾದರೋ ಪ್ರಶ್ನೆಯೇ ಇಲ್ಲದೆ ಉತ್ತರವನ್ನು ಹಂದರದಲ್ಲಿ ಕೂಗುತ್ತೇವೆ.

ಹಂದರದ ಮಾತು ಬಂದುದರಿಂದ ನಮ್ಮ ಮನೆಗಳ ವಿಷಯವನ್ನು ಬಿಡುವಂತಿಲ್ಲ. ಹೆಣ್ಣು ನೋಡಲು ಹೋದವರು ಹುಡುಗಿಯ ಓದನ್ನು ಒಂದು ಮಾತಿನಲ್ಲಿ ಕೇಳಿ, ಮೈಯನ್ನು ದಾರಿಯುದ್ದಕ್ಕೂ ವಿಮರ್ಶಿಸುತ್ತ ಹಿಂದಿರುಗುತ್ತಾರೆ. ಬಾಣಂತಿಯಿದ್ದಾಗ ಅಂಟಿನುಂಡಿ, ತುಪ್ಪಗಳನ್ನು ಒತ್ತಿ ಒತ್ತಿ ತಿನ್ನಿಸಿದ ಮನೆಯವರೇ, ಕೂಸಿಗೆ ವರ್ಷ ತುಂಬುವುದರೊಳಗೆ ಅವಳಿಗೆ ಒಂದು ಪರದೇಶದ ಹೆಸರಿಡುತ್ತಾರೆ. ಇವರೇ ಬೆಳಗ್ಗೆ ಸ್ನಾನಮಾಡಿ ಲಿಂಗಪೂಜೆಗೆ ಕೂರುವವರು. ಕೊರಳಿಗೆ ಇಷ್ಟಲಿಂಗವನ್ನು ಕಟ್ಟುವಾಗ ಗುರುವು ಯಾವ ಮೈಯನ್ನೂ ತೂಗಿ ನೋಡುವುದಿಲ್ಲ. ಹೆಣ್ಣು ಗಂಡೆಂದಾಗಲಿ, ಸ್ಥೂಲ ಕೃಶವೆಂದಾಗಲಿ ಲಿಂಗದ ಅಳತೆ ಬದಲಾಗುವುದಿಲ್ಲ. ಇಂಥ ಸಮಾಜದಲ್ಲಿ ಹುಟ್ಟಿ, ಹನ್ನೆರಡನೆಯ ಶತಮಾನದ ಶರಣೆಯರ ಹೆಸರನ್ನು ದಿನವೂ ಹೇಳುವ ನಾನೇ ತರಗತಿಯಲ್ಲಿ ನಿಂತು ಆ ಮಾತನ್ನು ಆಡಿದೆನೆಂದಮೇಲೆ, ಇತರರನ್ನು ದೂರುವ ಅಧಿಕಾರ ನನಗೆ ಹೆಚ್ಚಾಗಿ ಇಲ್ಲ.

ಆ ಹುಡುಗಿಯನ್ನು ತಂದೆಯು ಊರಿಗೆ ಕರೆದೊಯ್ದಿದ್ದನು. ಮುಂದಿನ ಭಾನುವಾರ ನಾನು ಅವರ ಮನೆಗೆ ಹೋದೆನು. ತಾಯಿಯು ನೀರು ಕೊಟ್ಟು, ಕಂಬಳಿ ಹಾಸಿ ಕೂರಿಸಿದಳು. ನನ್ನಿಂದ ತಪ್ಪಾಯಿತೆಂದು ತಂದೆತಾಯಿಯರ ಎದುರಿಗೇ ಹುಡುಗಿಗೆ ಹೇಳಿದೆನು. ತಂದೆಯು ಗಾಬರಿಗೊಂಡು, ‘ಗುರುಗಳು ಅನ್ನದೆ ಇನ್ಯಾರು ಅನ್ನಬೇಕ್ರಿ, ಬಿಡ್ರಿ’ ಎಂದನು. ಹುಡುಗಿಯು ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ, ‘ಗುರುಗಳೇ, ಆ ದೇಶದ ಹೆಣ್ಮಕ್ಕಳನ್ನ ನೀವು ನೋಡೀರೇನ್ರಿ?’ ಎಂದು ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿಯಬೇಕೆಂದು ಕೇಳಿದಳು.

ಇಲ್ಲವೆಂದೆನು. ಒಬ್ಬಳನ್ನೂ ನೋಡಿರಲಿಲ್ಲ.

ಅವಳು ಒಳಗೆ ಹೋಗಿ ಪುಸ್ತಕವನ್ನು ತಂದಳು. ತಾನಿಲ್ಲದಾಗ ಯಾವ ಪದ್ಯದವರೆಗೆ ಪಾಠವಾಗಿದೆಯೆಂದು ಕೇಳಿದಳು. ಗುರುತು ಹಾಕಿಕೊಟ್ಟು, ಸಂಜೆಯ ಬಸ್ಸಿಗೆ ಹೊರಟು ಬಂದೆನು.